ಮೂರು ಊರಿನ ಒಂದೇ ದಾಖಲೆ

ನಿವೃತ್ತಿಯಾದ ಮೊದಲ ತಿಂಗಳು ನಾನು ಫೋನನ್ನು ಅಕ್ಕಿ ಡಬ್ಬದ ಮೇಲಿಟ್ಟು ಹಿತ್ತಲಿಗೆ ಬಟ್ಟೆ ಒಗೆಯಲು ಹೋಗುತ್ತಿದ್ದೆ. ಅದು ಹೊಡೆದುಕೊಂಡರೆ ಸೋಪಿನ ಕೈಯಲ್ಲೇ ಓಡಿ ಬರುತ್ತಿದ್ದೆ. ನೋಡಿದರೆ ತಂಗಿಯೋ, ಗ್ಯಾಸಿನವನೋ ಇರುತ್ತಿದ್ದರು. "ಸರ್ವರ್ ನಿಂತಿದೆ ಮೇಡಂ" ಅನ್ನುವವರು ಇನ್ನು ಯಾರೂ ಇಲ್ಲ ಎಂಬುದು ಮನಸ್ಸಿಗೆ ಇಳಿದ ದಿನ ಒಗೆಯುವ ಕಲ್ಲಿನ ಮೇಲೆ ಕುಳಿತು ಒಬ್ಬಳೇ ನಕ್ಕೆ. ಈಗ ಓಡುವುದಿಲ್ಲ. ಕೈ ತೊಳೆದು, ಒರೆಸಿಕೊಂಡು, ಆಮೇಲೆ ಹೋಗುತ್ತೇನೆ.

ನನ್ನ ಜಾಗಕ್ಕೆ ಬಂದಿರುವ ಇಬ್ಬರು ಹೆಣ್ಣುಮಕ್ಕಳು ಈಚೆಗೆ ಮನೆಗೆ ಬಂದಿದ್ದರು. ಕ್ಲಸ್ಟರ್‌ನಲ್ಲಿ ಡೇಟಾಬೇಸ್ ಕೂರಿಸುವುದು ಹೇಗೆ ಎಂದು ಪುಸ್ತಕದಲ್ಲಿದೆ, ನೀವು ಕೂರಿಸಿದಾಗ ಏನೇನಾಯಿತು ಅದನ್ನು ಹೇಳಿ ಎಂದರು. ಕಾಫಿ ಮುಗಿಯುವಷ್ಟರಲ್ಲಿ ಹೇಳಿ ಮುಗಿಯುವ ಮಾತಾಗಿರಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಆಸ್ಪತ್ರೆಯ ಹೆಸರು ಬೇಡ. ಒಂದು ಟ್ರಸ್ಟ್ ನಡೆಸುತ್ತಿದ್ದ ಆಸ್ಪತ್ರೆ. ದೊಡ್ಡದು ಮಂಡ್ಯದಲ್ಲಿ, ಮದ್ದೂರು, ಮಳವಳ್ಳಿಯಲ್ಲಿ ಒಂದೊಂದು ಶಾಖೆ. ಶಿವಪುರದ ಪಕ್ಕದ ಹಳ್ಳಿಯವಳಾದ ನಾನು ಡಿಪ್ಲೊಮಾ ಮುಗಿಸಿ ಅಲ್ಲಿಗೆ ಚೀಟಿ ಟೈಪ್ ಮಾಡಲು ಸೇರಿದೆ. ಬರಬರುತ್ತಾ ಆಸ್ಪತ್ರೆಯ ಕಂಪ್ಯೂಟರುಗಳೆಲ್ಲ ನನ್ನ ತಲೆಗೆ ಬಂದವು. ಹೇಗೆ ಬಂದವು, ಯಾವ ಹುದ್ದೆಯಲ್ಲಿ ಬಂದವು ಎಂಬುದರಿಂದ ಯಾರಿಗೂ ಉಪಯೋಗವಿಲ್ಲ.

ನನ್ನ ಮೇಲಧಿಕಾರಿ ಬೋರೇಗೌಡರು, ದಾಖಲೆ ವಿಭಾಗದ ಮುಖ್ಯಸ್ಥರು. ಕೊತ್ತತ್ತಿಯವರು. ಮೊದಲು ದೂರವಾಣಿ ಕೇಂದ್ರದಲ್ಲಿದ್ದು ಬಂದವರಾದ್ದರಿಂದ ತಂತಿಯ ವಿಷಯ ಚೆನ್ನಾಗಿ ಗೊತ್ತಿತ್ತು, ಕಂಪ್ಯೂಟರಿನ ವಿಷಯ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದು ಹೇಳಿಕೊಳ್ಳಲು ಅವರಿಗೆ ಯಾವ ಸಂಕೋಚವೂ ಇರಲಿಲ್ಲ. ನಾನು ಸೇರಿದ ಹೊಸದರಲ್ಲಿ ಅಭ್ಯಾಸದ ಯಂತ್ರ ಎಂದುಕೊಂಡು ನಿಜವಾದ ಯಂತ್ರದಲ್ಲಿ ಅಳಿಸುವ ಆದೇಶ ಕೊಟ್ಟುಬಿಟ್ಟಿದ್ದೆ. ಬೆಳಗಿನಿಂದ ಬರೆಸಿದ್ದ ಅಷ್ಟೂ ಚೀಟಿ ಹೋದವು. ಜನರನ್ನು ಮತ್ತೆ ಸಾಲಿನಲ್ಲಿ ನಿಲ್ಲಿಸಿ ಹೆಸರು ಕೇಳಿ ಬರೆದುಕೊಂಡೆವು. ಅವತ್ತು ಗೌಡರು ಅಂಗಡಿಯಿಂದ ಒಂದು ಉದ್ದನೆಯ ನೋಟ್‌ಬುಕ್ ತರಿಸಿ ನನ್ನ ಮುಂದಿಟ್ಟರು.

"ನೋಡಮ್ಮ, ಏನ್ ಮಾಡ್ತೀಯೋ ಮೊದ್ಲು ಇದ್ರಲ್ಲಿ ಬರಿ. ಒಂದು, ಎಲ್ಡು, ಮೂರು ಅಂತ ಬರಿ. ಮಾಡಾದ್ಮೇಲೆ ಅದ್ರ ಮುಂದ್ಕೆ ಒಂದು ಟಿಕ್ ಆಕು. ಮಾಡದ್ಕ್ ಮುಂಚೆ ಆಕ್ಬ್ಯಾಡ."

ಹತ್ತಾರು ವರ್ಷ ಹಾಗೇ ಮಾಡಿದೆ. ಇವತ್ತಿಗೂ ಬೇರೆ ಊರಿನ ಗೆಳತಿಯರು ನನ್ನ ಆ ಅಭ್ಯಾಸವನ್ನು ನೋಡಿ ನಗುತ್ತಾರೆ.

ಆಗ ರೋಗಿಗಳ ದಾಖಲೆಯೆಲ್ಲ ಮಂಡ್ಯದ ಒಂದೇ ಯಂತ್ರದಲ್ಲಿತ್ತು. ಮದ್ದೂರು, ಮಳವಳ್ಳಿಯವರು ತಂತಿಯ ಮೂಲಕ ಅದನ್ನು ನೋಡಬೇಕು. ನಾಲೆ ಹೂಳೆತ್ತುವ ಜೆಸಿಬಿ ಒಂದು ಸಲ ಕೈ ಆಡಿಸಿದರೆ ತಂತಿ ತುಂಡು. ಎರಡು ಶಾಖೆಗಳೂ ಕುರುಡು. ಹಳೆಯ ರೋಗಿ ಬಂದು ನಿಂತರೂ ಅವರಿಗೆ ಹಿಂದೆ ಏನಾಗಿತ್ತು, ಯಾವ ಮಾತ್ರೆ ಕೊಟ್ಟಿದ್ದರು, ಒಂದೂ ತಿಳಿಯುತ್ತಿರಲಿಲ್ಲ. ಮಳವಳ್ಳಿಯಲ್ಲಿ ಶಿವಮ್ಮ ಎಂಬ ಹಿರಿಯ ಸಿಸ್ಟರ್ ಇದ್ದರು. ಶಾಖೆಯನ್ನು ನಡೆಸುತ್ತಿದ್ದುದೇ ಅವರು. ತಂತಿ ಹೋದಾಗಲೆಲ್ಲ ಫೋನು ಮಾಡಿ ಬಯ್ಯುತ್ತಿದ್ದರು.

"ನಿಮ್ಮ ಮಂಡ್ಯದ್ ಮಿಸೀನು ಮಲಿಕ್ಕಂಡ್ರೆ ನಾವೂ ಮಲಿಕ್ಕಬೇಕಾ? ಇಲ್ಲಿ ಜನ ನಿಂತವ್ರೆ ಕಣಮ್ಮ!"

ಬಯ್ಗುಳ ನ್ಯಾಯವಾಗಿತ್ತು. ಕೊನೆಗೆ ಟ್ರಸ್ಟಿನವರು ಒಪ್ಪಿದರು: ಮೂರು ಊರಿಗೆ ಮೂರು ಸರ್ವರ್. ಮೂರರಲ್ಲೂ ಒಂದೇ ಡೇಟಾಬೇಸ್. ಒಂದರಲ್ಲಿ ಬರೆದದ್ದು ಕ್ಷಣದಲ್ಲಿ ಉಳಿದೆರಡಕ್ಕೂ ಹೋಗಬೇಕು. ಒಂದು ಕೆಟ್ಟರೆ ಉಳಿದೆರಡು ಕೆಲಸ ನಡೆಸಬೇಕು. ಹೀಗೆ ಜೊತೆಗೂಡಿ ಒಂದೇ ಯಂತ್ರದ ಹಾಗೆ ನಡೆಯುವುದಕ್ಕೇ ಕ್ಲಸ್ಟರ್ ಎನ್ನುವುದು. ಮದ್ದೂರಿನಿಂದ ಮಳವಳ್ಳಿಗೆ ನೇರವಾಗಿ ಬೇರೆ ಒಂದು ತಂತಿ ಬೇಕೆಂದು ಪಟ್ಟು ಹಿಡಿದವರು ಗೌಡರು. ಎರಡೂ ಶಾಖೆಗಳು ಮಂಡ್ಯದ ಮೂಲಕವೇ ಮಾತಾಡಿಕೊಂಡರೆ ಮೂರು ಯಂತ್ರ ಇದ್ದೂ ಏನು ಬಂತು ಎಂಬುದು ಅವರ ಪ್ರಶ್ನೆ. ಆ ಬುದ್ಧಿ ನನಗೆ ಹೊಳೆದಿರಲಿಲ್ಲ.

ಮಂಡ್ಯದ ಯಂತ್ರದಲ್ಲಿ ಡೇಟಾಬೇಸ್ ಕೂರಿಸಲು ಒಂದು ವಾರ ಹಿಡಿಯಿತು. ನೋಟ್‌ಬುಕ್ಕಿನಲ್ಲಿ ಇಪ್ಪತ್ತಮೂರು ಹೆಜ್ಜೆ ಬರೆದುಕೊಂಡಿದ್ದೆ. ಯಂತ್ರಕ್ಕೆ ಹೆಸರಿಡುವುದು, ಡಿಸ್ಕು ಭಾಗ ಮಾಡುವುದು, ಮೂರಕ್ಕೂ ಒಂದೇ ಆವೃತ್ತಿಯ ತಂತ್ರಾಂಶ ಹಾಕುವುದು, ಒಂದರ ವಿಳಾಸ ಇನ್ನೊಂದಕ್ಕೆ ತಿಳಿಸುವುದು, ಹೀಗೆ. ಮೊದಲ ಸಲ ಆರನೇ ಹೆಜ್ಜೆಯಲ್ಲಿ ನಿಂತುಹೋಯಿತು, ಎರಡನೇ ಸಲ ಹದಿನಾಲ್ಕರಲ್ಲಿ. ಮೂರನೇ ಸಲ ಎಲ್ಲ ಮುಗಿದು ಪರದೆಯ ಮೇಲೆ 'ಸಿದ್ಧ' ಎಂದು ಬಂದಾಗ ನಂಬಿಕೆಯಾಗದೆ ನಾನೇ ಎಲ್ಲವನ್ನೂ ಅಳಿಸಿ ನಾಲ್ಕನೇ ಸಲ ಮಾಡಿದೆ.

ಮದ್ದೂರಿನದು ಬೇರೆ ಕಥೆ. ಅಲ್ಲಿ ತಂತ್ರಾಂಶ ಸಲೀಸಾಗಿ ಕೂತಿತು, ಯಂತ್ರವೇ ಕೂರಲಿಲ್ಲ. ದಿನಾ ಹತ್ತೂವರೆಗೆ ತಾನಾಗಿ ಆರಿ ಹೊತ್ತಿಕೊಳ್ಳುತ್ತಿತ್ತು. ನಾನು ಎರಡು ದಿನ ತಂತ್ರಾಂಶದಲ್ಲೇ ತಪ್ಪು ಹುಡುಕಿದೆ. ಮೂರನೇ ದಿನ ಅಲ್ಲಿನ ಎಲೆಕ್ಟ್ರಿಷಿಯನ್ ಸಿದ್ದರಾಜು, ನನ್ನ ವಯಸ್ಸಿನವನೇ, ಬಾಗಿಲಿಗೆ ಒರಗಿ ನಿಂತು ನೋಡುತ್ತಿದ್ದವನು ಕೇಳಿದ.

"ಏನ್ ಹುಡುಕ್ತಾ ಇದೀರ ಮೇಡಂ?"

"ಹತ್ತೂವರೆಗೇ ಯಾಕೆ ಆರುತ್ತೆ ಅಂತ."

"ಅದನ್ನ ಪರದೆ ಒಳಗೆ ಹುಡುಕುದ್ರೆ ಸಿಕ್ಕಕಿಲ್ಲ. ಹತ್ತೂವರೆಗೆ ಹಿಂದ್ಗಡೆ ಅಕ್ಕಿ ಮಿಲ್ಲು ಸುರು ಆಯ್ತದೆ. ಆಗ ಕರೆಂಟು ಬಗ್ಗೋಯ್ತದೆ. ನಿಮ್ ಯುಪಿಎಸ್ಸು ಹೊಸದು ಅಂತ ಕೊಟ್ಟವ್ನೆ, ಒಳಗಡೆ ಬ್ಯಾಟ್ರಿ ಹಳೇದು. ನಾನ್ ಬಿಚ್ಚಿ ನೋಡಿವ್ನಿ."

"ಮೊದಲೇ ಹೇಳಬಾರದಿತ್ತಾ?"

"ನೀವು ಕೇಳ್ನಿಲ್ಲವಲ್ಲ."

ಬ್ಯಾಟರಿ ಬದಲಾಯಿಸಿದ ಮೇಲೆ ಅದು ಆರಲಿಲ್ಲ. ಅವತ್ತಿನಿಂದ ನಾನು ಯಾವ ಊರಿಗೆ ಹೋದರೂ ಮೊದಲು ಅಲ್ಲಿನ ಎಲೆಕ್ಟ್ರಿಷಿಯನ್ ಜೊತೆ ಒಂದು ಲೋಟ ಟೀ ಕುಡಿದೇ ಕಂಪ್ಯೂಟರ್ ಮುಟ್ಟುತ್ತಿದ್ದೆ.

ಮೂರನೆಯದು ಮಳವಳ್ಳಿ. ನನ್ನ ಅತಿ ದೊಡ್ಡ ತಪ್ಪು ಆದದ್ದು ಅಲ್ಲಿ.

ಸರ್ವರನ್ನು ಮಂಡ್ಯದಿಂದ ಆಸ್ಪತ್ರೆಯ ಆಂಬುಲೆನ್ಸಿನಲ್ಲಿ ಸಾಗಿಸಿದೆವು. ರೋಗಿಯ ಹಾಸಿಗೆಯ ಮೇಲೆ ಎರಡು ಕಂಬಳಿ ಹಾಸಿ, ಅದರ ಮೇಲೆ ಯಂತ್ರ ಮಲಗಿಸಿ, ಬೆಲ್ಟು ಬಿಗಿದು, ಪಕ್ಕದಲ್ಲಿ ನಾನು ಕುಳಿತಿದ್ದೆ. ಹನ್ನೊಂದಕ್ಕೆ ಕೆಲಸ ಶುರುವಾಯಿತು. ಒಂಬತ್ತನೇ ಹೆಜ್ಜೆಯವರೆಗೆ ಒಂದು ತೊಡಕೂ ಇಲ್ಲ. ಅಷ್ಟರಲ್ಲಿ ಶಿವಮ್ಮ ಬಂದು, ಹೆರಿಗೆ ಕೇಸೊಂದನ್ನು ಅವತ್ತೇ ಮಂಡ್ಯಕ್ಕೆ ಕಳಿಸಬೇಕು, ಆಂಬುಲೆನ್ಸ್ ಮೂರು ಗಂಟೆಗೆ ಹೊರಡುತ್ತದೆ ಎಂದರು. ನಾನೂ ಅದರಲ್ಲೇ ವಾಪಸು ಹೋಗಬೇಕಿತ್ತು. ಮಾರನೆಯ ದಿನ ಬರುತ್ತೇನೆ ಎನ್ನಬಹುದಿತ್ತು. ಬಸ್ಸಿನಲ್ಲಿ ಹೋಗುತ್ತೇನೆ ಎನ್ನಬಹುದಿತ್ತು. ಎರಡನ್ನೂ ಅನ್ನಲಿಲ್ಲ. ಮುಗಿಸಿಯೇ ಬಂದೆ ಎಂದು ಗೌಡರಿಗೆ ಹೇಳಬೇಕೆಂಬ ಆಸೆ.

ಹನ್ನೊಂದನೇ ಹೆಜ್ಜೆ ಹೀಗಿತ್ತು: ಹೊಸ ಯಂತ್ರದ ಗಡಿಯಾರವನ್ನು ಉಳಿದೆರಡರ ಜೊತೆ ಹೋಲಿಸಿ ನೋಡು. ಯಂತ್ರ ತಾನೇ ಒಂದು ಸಮಯ ತೋರಿಸಿ "ಸರಿಯೇ?" ಎಂದು ಕೇಳಿತು. ನಾನು ಅಂಕೆಯ ಕಡೆ ಕಣ್ಣು ಹಾಯಿಸದೆ "ಸರಿ" ಎಂದು ಒತ್ತಿದೆ. ನೋಟ್‌ಬುಕ್ಕಿನಲ್ಲಿ ಟಿಕ್ ಹಾಕಿದೆ. ಉಳಿದ ಹೆಜ್ಜೆಗಳನ್ನೂ ಮುಗಿಸಿ ಮೂರು ಗಂಟೆಗೆ ಆಂಬುಲೆನ್ಸ್ ಹತ್ತಿದೆ.

ಆ ಗಡಿಯಾರ ಐದೂವರೆ ಗಂಟೆ ಹಿಂದಿತ್ತು.

ಇದರಿಂದ ಏನಾಗುತ್ತದೆ ಎಂದು ಹೇಳಿಬಿಡುತ್ತೇನೆ. ಒಬ್ಬ ರೋಗಿಯ ದಾಖಲೆಯನ್ನು ಎರಡು ಊರಿನವರು ತಿದ್ದಿದರೆ, ಯಾರು ಕೊನೆಗೆ ತಿದ್ದಿದರೋ ಅದೇ ನಿಜ ಎಂದು ನಮ್ಮ ಡೇಟಾಬೇಸ್ ಒಪ್ಪಿಕೊಳ್ಳುತ್ತಿತ್ತು. ಕೊನೆಯದು ಯಾವುದು ಎಂಬುದು ಅದಕ್ಕೆ ಗೊತ್ತಾಗುವುದು ಗಡಿಯಾರದಿಂದ. ಮಂಡ್ಯದಲ್ಲಿ ಬೆಳಿಗ್ಗೆ ಒಂಬತ್ತಕ್ಕೆ ಏನೋ ಬರೆದು, ಮಳವಳ್ಳಿಯಲ್ಲಿ ಮಧ್ಯಾಹ್ನ ಹನ್ನೆರಡಕ್ಕೆ ಅದನ್ನು ತಿದ್ದಿದರೆ, ಮಳವಳ್ಳಿಯ ಯಂತ್ರ ಅದನ್ನು ಬೆಳಗಿನ ಆರೂವರೆಯದು ಎಂದು ಗುರುತು ಹಾಕುತ್ತಿತ್ತು. ಹಾಗಾಗಿ ಮಂಡ್ಯದ್ದೇ ಹೊಸದೆಂದು ತಿಳಿದು, ಮಳವಳ್ಳಿಯ ತಿದ್ದುಪಡಿಯನ್ನು ಸದ್ದಿಲ್ಲದೆ ಕೈಬಿಡುತ್ತಿತ್ತು. ಚೀಟಿಯ ಮೇಲೆ ಮುದ್ರಣವಾಗುವ ಸಮಯ ಕೌಂಟರಿನ ಕಂಪ್ಯೂಟರಿನದು. ಅದು ಸರಿಯಾಗಿಯೇ ಇತ್ತು. ಆದ್ದರಿಂದ ಯಾರ ಕಣ್ಣಿಗೂ ಬೀಳಲಿಲ್ಲ.

ಶಿವಮ್ಮನವರ ಕಣ್ಣಿಗೆ ಬಿತ್ತು. ಎರಡನೇ ವಾರ ಫೋನು ಮಾಡಿದರು.

"ನಾನ್ ಬರ್ದಿದ್ದು ಇಲ್ಲ ಕಣಮ್ಮ. ಬರ್ದೆ, ಕಾಣ್ತು, ಆಮೇಲ್ ನೋಡುದ್ರೆ ಇಲ್ಲ."

"ಸೇವ್ ಒತ್ತೋದು ಮರೆತಿರಬೇಕು ಸಿಸ್ಟರ್. ಇನ್ನೊಂದು ಸಲ ಬರೀರಿ."

"ಒತ್ತಿವ್ನಿ."

"ಯಂತ್ರ ಸುಳ್ಳು ಹೇಳಲ್ಲ ಸಿಸ್ಟರ್."

ಈ ಮಾತನ್ನು ನೆನೆದರೆ ಇವತ್ತಿಗೂ ಕಿವಿ ಬಿಸಿಯಾಗುತ್ತದೆ. ಅವರು ಫೋನ್ ಇಟ್ಟರು.

ಅದಾಗಿ ಐದಾರು ದಿನವಾಗಿರಬಹುದು. ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಶಿವಮ್ಮನವರ ಫೋನು ಮತ್ತೆ ಬಂತು. ಈ ಸಲ ದನಿಯಲ್ಲಿ ಸಿಟ್ಟಿರಲಿಲ್ಲ. ಅದೇ ನನ್ನನ್ನು ಹೆದರಿಸಿತು.

"ಚಿಕ್ಕತಾಯಮ್ಮ ಅಂತ, ಗಾಲ್ ಬ್ಲಾಡರ್ ಕಲ್ಲು. ಇವತ್ತು ಬೆಳಿಗ್ಗೆ ನಿಮ್ಮಲ್ಲಿಗೆ ಕಳ್ಸಿವ್ನಿ, ಆಪರೇಸನ್ ಅದೆ. ಆಯಮ್ಮಂಗೆ ಪೆನ್ಸಿಲಿನ್ ಆಗಕಿಲ್ಲ. ಮೈಯೆಲ್ಲ ಊದ್ಕಂಡು ಉಸ್ರು ಕಟ್ಟೋಯ್ತು ಓದ್ ಸಲ. ಅದನ್ನ ಮೊನ್ನೆ ಮದ್ಯಾನ ಬರ್ದೆ. ಈಗ ತೆಗುದ್ರೆ ಇಲ್ಲ. ನಿಮ್ ಪರದೇಲಿ ಅದಾ ನೋಡು."

ನೋಡಿದೆ. ಹೆಸರು ಇತ್ತು, ವಯಸ್ಸು ಇತ್ತು, ಮೊನ್ನೆ ಬೆಳಿಗ್ಗೆ ಮಂಡ್ಯದ ಲ್ಯಾಬಿನವರು ಹಾಕಿದ ರಕ್ತಪರೀಕ್ಷೆ ಇತ್ತು. 'ಆಗದ ಔಷಧಿ' ಎಂಬ ಜಾಗದಲ್ಲಿ 'ಇಲ್ಲ' ಎಂದಿತ್ತು. ಖಾಲಿಯೂ ಅಲ್ಲ, 'ಇಲ್ಲ' ಎಂದೇ.

ಫೋನನ್ನು ಮೇಜಿನ ಮೇಲೆ ಹಾಗೇ ಬಿಟ್ಟು ಓಡಿದೆ. ಶಸ್ತ್ರಚಿಕಿತ್ಸೆ ವಾರ್ಡು ಎರಡನೇ ಮಹಡಿ. ಮೆಟ್ಟಿಲ ಮೇಲೆ ಚಪ್ಪಲಿ ಕಳಚಿತು, ಬಿಟ್ಟೆ. ಬಾಗಿಲಲ್ಲೇ ನಿಂತು, "ಚಿಕ್ಕತಾಯಮ್ಮ ಯಾರು? ಸೂಜಿ ಕೊಡಬೇಡಿ! ಕೊಡಬೇಡಿ!" ಎಂದು ಕೂಗಿದೆ. ವಾರ್ಡಿನಲ್ಲಿ ಎಲ್ಲರೂ ನನ್ನ ಕಡೆ ತಿರುಗಿದರು.

ಕಿಟಕಿ ಪಕ್ಕದ ಮಂಚದಲ್ಲಿ ದಪ್ಪಗಿನ ಹೆಂಗಸೊಬ್ಬರು ಎದ್ದು ಕೂತರು. ಪಕ್ಕದಲ್ಲಿ ನರ್ಸ್ ನಿಂತಿದ್ದಳು. ತಟ್ಟೆಯಲ್ಲಿ ಸೂಜಿ ಇತ್ತು. ಆದರೆ ನರ್ಸ್ ಅದನ್ನು ಮುಟ್ಟಿರಲಿಲ್ಲ; ಆ ಹೆಂಗಸಿನ ಎಡಗೈ ಹಿಡಿದು ಏನನ್ನೋ ಓದುತ್ತಿದ್ದಳು. ಮೊಣಕೈಯಿಂದ ಮಣಿಕಟ್ಟಿನವರೆಗೆ ಬಿಳಿಯ ಪ್ಲಾಸ್ಟರ್ ಪಟ್ಟಿ ಅಂಟಿಸಿತ್ತು. ಅದರ ಮೇಲೆ ಬಾಲ್‌ಪೆನ್ನಿನಲ್ಲಿ ದಪ್ಪ ದಪ್ಪ ಅಕ್ಷರ: 'ಪೆನ್ಸಿಲಿನ್ ಬೇಡ. ಕೊಡಬೇಡಿ. ಶಿವಮ್ಮ, ಮಳವಳ್ಳಿ.'

"ಸಿಸ್ಟ್ರಮ್ಮ ಕಟ್ಟಿ ಕಳ್ಸವ್ರೆ," ಎಂದರು ಚಿಕ್ಕತಾಯಮ್ಮ. "ಯಾರಾದ್ರೂ ಸೂಜಿ ತಂದ್ರೆ ಮೊದ್ಲು ಕೈ ಚಾಚು ಅಂದ್ರು. ಚಾಚ್ದೆ. ಯಾಕವ್ವ, ಅಳ್ತಾ ಇದೀಯ?"

ಅಳುತ್ತಿದ್ದೇನೆ ಎಂಬುದೇ ನನಗೆ ತಿಳಿದಿರಲಿಲ್ಲ. ಅವರ ಮಂಚದ ತುದಿಯಲ್ಲಿ ಕುಸಿದು ಕುಳಿತೆ. ಅವರೇ ತಮ್ಮ ಚೊಂಬಿನಿಂದ ನೀರು ಕೊಟ್ಟರು. ಬೇರೆ ಔಷಧಿ ಕೊಟ್ಟು ಅವತ್ತೇ ಮಧ್ಯಾಹ್ನ ಆಪರೇಷನ್ ಮಾಡಿದರು. ವಾರದೊಳಗೆ ಅವರು ಊರಿಗೆ ಹೋದರು.

ನಾನು ಕೆಳಗೆ ಬಂದು ಮೂರು ಯಂತ್ರಗಳ ಗಡಿಯಾರವನ್ನು ಪರದೆಯ ಮೇಲೆ ಪಕ್ಕಪಕ್ಕ ತೆರೆದು ನೋಡಿದೆ. ಹುಡುಕುವ ಅಗತ್ಯವೇ ಬೀಳಲಿಲ್ಲ. ನೋಟ್‌ಬುಕ್ ತೆಗೆದುಕೊಂಡು ಬೋರೇಗೌಡರ ಕೋಣೆಗೆ ಹೋಗಿ ಆದದ್ದನ್ನೆಲ್ಲ ಹೇಳಿದೆ. ಅವರು ಕನ್ನಡಕ ಹಾಕಿಕೊಂಡು ಹಾಳೆ ತಿರುವಿ, ಹನ್ನೊಂದರ ಮೇಲೆ ಬೆರಳಿಟ್ಟರು.

"ಈ ಟಿಕ್ಕು ಯಾರ್ ಆಕಿದ್ದು?"

"ನಾನೇ ಸಾರ್."

"ನೋಡ್ದಾ?"

"ಇಲ್ಲ ಸಾರ್."

ಗೌಡರು ನೋಟ್‌ಬುಕ್ ಮುಚ್ಚಿದರು.

"ಗಡಿಯಾರದ್ ತಪ್ಪು ಬುಡು, ಯಾರಾದ್ರೂ ಮಾಡ್ತರೆ. ನಂದೂ ಬೇಕಾದಂಗವೆ. ಟಿಕ್ಕು ಆಕ್ದಲ್ಲ, ಅದು ತಪ್ಪಲ್ಲ. ಅದು ಸುಳ್ಳು ಕಣಮ್ಮ."

ನನ್ನ ಅಷ್ಟು ವರ್ಷದ ಕೆಲಸದಲ್ಲಿ ಇದಕ್ಕಿಂತ ಗಟ್ಟಿಯಾಗಿ ಯಾರೂ ನನ್ನನ್ನು ಬೈದಿಲ್ಲ. ಅವರು ದನಿ ಏರಿಸಿರಲೂ ಇಲ್ಲ. ಕೆಲಸ ಬಿಡುತ್ತೇನೆ ಎಂದೆ. "ಬುಡೋದು ಆಮೇಲ್ ನೋಡನ. ಇನ್ನೂ ಯಾರ್ಯಾರ್ದು ಇಂಗೆ ಅಳ್ಸೋಗದೆ, ಅದನ್ನ ಮೊದ್ಲು ಹುಡ್ಕು," ಎಂದು ಜೀಪಿಗೆ ಹೇಳಿ ಕಳಿಸಿದರು. ಮಳವಳ್ಳಿಗೆ ಅವರೂ ಜೊತೆಗೆ ಬಂದರು.

ಮಳವಳ್ಳಿಯ ಸರ್ವರನ್ನು ಕ್ಲಸ್ಟರಿನಿಂದ ಬಿಡಿಸಿ, ಶಾಖೆಯನ್ನು ಕಾಗದಕ್ಕೆ ಮರಳಿಸಿದೆವು. ಅದೃಷ್ಟಕ್ಕೆ ಎರಡು ಆಸರೆ ಇದ್ದವು. ಒಂದು, ಬರೆದದ್ದನ್ನೆಲ್ಲ ಆ ಯಂತ್ರ ಒಂದು ತಿಂಗಳವರೆಗೆ ಬೇರೆ ಕಡತದಲ್ಲಿ ಇಟ್ಟುಕೊಂಡಿರುತ್ತಿತ್ತು. ತಿಂಗಳಾಗಲು ಇನ್ನೂ ದಿನಗಳಿದ್ದವು. ಇನ್ನೊಂದು, ಶಿವಮ್ಮನವರ ಕೆಂಪು ರಟ್ಟಿನ ರಿಜಿಸ್ಟರ್. ಯಂತ್ರ ಬಂದ ಮೇಲೂ ಅವರು ಅದರಲ್ಲಿ ಬರೆಯುವುದನ್ನು ಬಿಟ್ಟಿರಲಿಲ್ಲ. ಹಿಂದೆ ನಾನೇ ಅವರಿಗೆ "ಎರಡೆರಡು ಕೆಲಸ ಯಾಕೆ ಸಿಸ್ಟರ್" ಎಂದಿದ್ದೆ.

ಅವರ ಎದುರು ಹೋಗಿ ನಿಂತೆ. "ತಪ್ಪಾಯಿತು ಸಿಸ್ಟರ್. ನೀವು ಹೇಳಿದ್ದು ಸರಿ, ಯಂತ್ರದ್ದೇ ಸುಳ್ಳು," ಎಂದೆ.

"ಈಗ ಅದೆಲ್ಲ ಯಾಕೆ. ಕೂತ್ಕೊ. ನಾನ್ ಓದ್ತೀನಿ, ನೀನು ನೋಡು," ಎಂದು ರಿಜಿಸ್ಟರ್ ಬಿಡಿಸಿದರು.

ಮೂರು ದಿನ, ಬೆಳಿಗ್ಗೆ ಎಂಟರಿಂದ ಸಂಜೆಯವರೆಗೆ, ಅವರು ಒಂದೊಂದೇ ಹೆಸರು ಓದಿದರು, ನಾನು ಕಡತದಲ್ಲಿ ಹುಡುಕಿ ಪರದೆಯ ಜೊತೆ ಹೋಲಿಸಿದೆ. ಬಹುಪಾಲು ಸರಿಯಾಗಿದ್ದವು. ಅಳಿಸಿಹೋದವೂ ಹೆಚ್ಚಿನವು ಸಣ್ಣವು: ವಿಳಾಸ, ತೂಕ, ಮುಂದಿನ ಭೇಟಿಯ ದಿನ. ಸರಿಪಡಿಸುತ್ತಾ ಹೋದ ಹಾಗೆ ಎದೆಯ ಮೇಲಿನ ಭಾರ ಚೂರು ಚೂರೇ ಇಳಿಯಿತು. ಮೂರನೇ ದಿನ ಊಟದ ಹೊತ್ತಿಗೆ ಇನ್ನೇನು ಮುಗಿಯಿತು ಎನ್ನುವಾಗ ಶಿವಮ್ಮ ಒಂದು ಹೆಸರು ಓದಿದರು.

"ಮರಿಸ್ವಾಮಿ, ಮುತ್ತತ್ತಿ. ಹೃದಯದ್ ಕವಾಟ ಬದ್ಲಾಯ್ಸಿರೋದು. ರಕ್ತ ತೆಳು ಮಾಡೋ ಮಾತ್ರೆ ಡಾಕ್ಟ್ರು ಅರ್ದ ಮಾಡವ್ರೆ."

ಪರದೆಯಲ್ಲಿ ಅರ್ಧವಾಗಿರಲಿಲ್ಲ. ಹಳೆಯ ಪ್ರಮಾಣವೇ ಇತ್ತು. ಕೆಳಗೆ ನೋಡಿದರೆ, ಮರಿಸ್ವಾಮಿ ಆರು ದಿನದ ಹಿಂದೆ ಬಂದು ಮಾತ್ರೆ ಮುಗಿಯುತ್ತಾ ಬಂದಿದೆ ಎಂದು ಹೇಳಿ, ಪರದೆಯಲ್ಲಿದ್ದ ಹಾಗೇ ಹಳೆಯ ಪ್ರಮಾಣದಲ್ಲಿ ಒಂದು ತಿಂಗಳಿಗಾಗುವಷ್ಟು ತೆಗೆದುಕೊಂಡು ಹೋಗಿದ್ದರು. ಶಿವಮ್ಮನವರ ಮುಖ ಬಿಳಿಚಿಕೊಂಡಿತು. "ಎಲ್ಲಾದ್ರೂ ರಕ್ತ ಒಡ್ಕಂಡ್ರೆ ನಿಲ್ಲಕಿಲ್ಲ," ಎಂದರು. ಕೊಟ್ಟಿದ್ದ ನಂಬರಿಗೆ ಫೋನು ಹೋಗಲಿಲ್ಲ. ಕಾಡಿನ ದಾರಿಯ ಕೊನೆಯಲ್ಲಿರುವ ಆ ಊರಲ್ಲಿ ಸಿಗ್ನಲ್ ಸಿಗುವುದೇ ಅಪರೂಪ.

ಗೌಡರು ಊಟದ ತಟ್ಟೆ ಬಿಟ್ಟು ಎದ್ದರು. ಜೀಪಿನಲ್ಲಿ ಅವರು, ಶಿವಮ್ಮ, ನಾನು. ಹಲಗೂರು ದಾಟಿ ಕಾಡಿನ ತಿರುವುಗಳಲ್ಲಿ ಇಳಿಯುವಾಗ ನಾನು ಸೀರೆಯ ಸೆರಗನ್ನು ಬೆರಳಿಗೆ ಸುತ್ತಿ ಬಿಚ್ಚಿ ಮಾಡುತ್ತಿದ್ದೆ. ಹೊಳೆ ಕಾಣಿಸಿತು. ದೇವಸ್ಥಾನದ ಹತ್ತಿರ ಅವತ್ತು ಜನ ಕಡಿಮೆ. ತೆಪ್ಪದವರನ್ನು ಕೇಳಿದೆವು. ಒಬ್ಬ ಕೈ ತೋರಿಸಿದ. ಮರಿಸ್ವಾಮಿಯವರದು ಹೊಳೆದಂಡೆಯಲ್ಲಿ ಮೀನು ಹುರಿದು ಮಾರುವ ಅಂಗಡಿ.

ಒಲೆಯ ಮುಂದೆ ಕೂತಿದ್ದರು. ಕೈಯಲ್ಲಿ ಮೀನು ಸೀಳುವ ಚಾಕು.

"ಚಾಕು ಕೆಳಗಿಡಿ!" ಎಂದು ನಾನು ಚೀರಿದೆ.

ಪಾಪ, ಹೆದರಿ ಇಟ್ಟುಬಿಟ್ಟರು. ಶಿವಮ್ಮ ಹೋಗಿ ಅವರ ಬಾಯಿ ತೆಗೆಸಿ ನೋಡಿದರು.

"ಒಸಡಲ್ಲಿ ರಕ್ತ ಬತ್ತಾ ಅದಾ?"

"ನೆನ್ನೆಯಿಂದ ವಸಿ ಬತ್ತಾ ಅದೆ ಸಿಸ್ಟ್ರೇ. ಹಲ್ಲುಜ್ಜುವಾಗ. ಕಡ್ಡಿ ಚುಚ್ಚಿರ್ಬೇಕು ಅಂದ್ಕಂಡೆ."

ಅವರ ಹೆಂಡತಿ ಒಳಗಿನಿಂದ ಮಾತ್ರೆಯ ಪೊಟ್ಟಣ ತಂದು ಕೊಟ್ಟರು. "ಮುಂಚಿನ್ವು, ಅರ್ದ ಮಾಡಿದ್ವು, ಮೂರು ಮಿಕ್ಕಿದ್ವು, ಅವನ್ನ ಮೊದ್ಲು ಮುಗ್ಸು ಅಂದೆ. ಇವು ಸುರು ಮಾಡಿ ಮೂರೇ ದಿನ ಆಯ್ತು," ಎಂದರು. ಆರು ದಿನವಾಗಬೇಕಿದ್ದದ್ದು ಮೂರಾಗಿತ್ತು. ಅದು ಆ ತಾಯಿ ಮಿಕ್ಕ ಮಾತ್ರೆಯನ್ನು ಎಸೆಯದೆ ಇಟ್ಟುಕೊಂಡದ್ದರಿಂದ.

ಅವರನ್ನು ಜೀಪಿನಲ್ಲೇ ಮಂಡ್ಯಕ್ಕೆ ಕರೆತಂದೆವು. ದಾರಿಯುದ್ದಕ್ಕೂ ಆತ ಅಂಗಡಿಯ ಒಲೆ ಆರಿಸಿದೆನೋ ಇಲ್ಲವೋ ಎಂದೇ ಚಿಂತಿಸುತ್ತಿದ್ದರು. ರಕ್ತ ಪರೀಕ್ಷಿಸಿದ ಡಾಕ್ಟರು ಮಾತ್ರೆ ನಿಲ್ಲಿಸಿ, ಅದಕ್ಕೆ ಪ್ರತಿಯಾದ ಔಷಧಿ ಕೊಟ್ಟು, ಒಳಗೆ ಎಲ್ಲೂ ರಕ್ತಸ್ರಾವ ಆಗಿಲ್ಲ, ಸಕಾಲಕ್ಕೆ ತಂದಿದ್ದೀರಿ ಎಂದರು. ನಾಲ್ಕು ದಿನ ವಾರ್ಡಿನಲ್ಲಿದ್ದರು. ದಿನಾ ಊಟದ ಬಿಡುವಿನಲ್ಲಿ ಹೋಗಿ ಕೂರುತ್ತಿದ್ದೆ. ಮೂರನೇ ದಿನ ಅವರಿಗೆ ನಿಜ ಹೇಳಿದೆ: ಇದು ಡಾಕ್ಟರ ತಪ್ಪಲ್ಲ, ಕೌಂಟರಿನವರ ತಪ್ಪೂ ಅಲ್ಲ, ಕಂಪ್ಯೂಟರ್ ಕೂರಿಸಿದ ನನ್ನದು.

"ಬಂದ್ರಲ್ಲ ಹುಡಿಕ್ಕಂಡು. ಅಷ್ಟ್ ದೂರ," ಎಂದಷ್ಟೇ ಅಂದರು. ಅವರು ನನ್ನನ್ನು ಕ್ಷಮಿಸಿದರೋ ಇಲ್ಲವೋ ಕೇಳಲಿಲ್ಲ. ಮನೆಗೆ ಹೋಗಿ ಬುದ್ಧನ ಪಟದ ಮುಂದೆ ಬಹಳ ಹೊತ್ತು ಸುಮ್ಮನೆ ಕುಳಿತೆ. ಅಮ್ಮ ಏನಾಯಿತು ಎಂದು ಕೇಳಿದರು. ಏನೂ ಆಗಲಿಲ್ಲ ಅಮ್ಮ, ಏನೂ ಆಗಲಿಲ್ಲ ಎಂದೆ. ಅಷ್ಟು ನೆಮ್ಮದಿಯಿಂದ ಆ ಮಾತನ್ನು ಹಿಂದೆಂದೂ ಆಡಿರಲಿಲ್ಲ.

ತಪ್ಪನ್ನು ನಾನೇ ಬರೆದು ಟ್ರಸ್ಟಿಗೆ ಕೊಟ್ಟೆ. ಗೌಡರು ಕೆಳಗೆ ತಮ್ಮದೊಂದು ಸಾಲು ಸೇರಿಸಿದ್ದರು: ಟಿಕ್ ಹಾಕಿದ ಮೇಲೆ ಇನ್ನೊಬ್ಬರು ನೋಡುವ ವ್ಯವಸ್ಥೆಯನ್ನು ನಾನು ಮಾಡಿರಲಿಲ್ಲ, ಅದು ನನ್ನ ತಪ್ಪು. ಎಚ್ಚರಿಕೆಯ ಪತ್ರ ಇಬ್ಬರಿಗೂ ಬಂತು. ಕೆಲಸ ಉಳಿಯಿತು.

ಈಗ ಇದೆಲ್ಲ ಹಳೆಯ ಮಾತು. ಹೊಸ ಹುಡುಗಿಯರು ಮೂರು ಯಂತ್ರಗಳ ಮುಖವನ್ನೇ ನೋಡದೆ ಡೇಟಾಬೇಸ್ ಕೂರಿಸುತ್ತಾರೆ. ಎಲ್ಲೋ ಇರುವ ಬಾಡಿಗೆ ಯಂತ್ರಗಳು; ಒಂದು ಕಡತದಲ್ಲಿ ಏನು ಬೇಕೆಂದು ಬರೆದು ಒತ್ತಿದರೆ ಟೀ ಆರುವ ಮೊದಲೇ ಎಲ್ಲ ಸಿದ್ಧ. ಗಡಿಯಾರವನ್ನು ಯಂತ್ರಗಳೇ ನಿಮಿಷ ನಿಮಿಷಕ್ಕೂ ಸರಿ ಮಾಡಿಕೊಳ್ಳುತ್ತವೆ, ವ್ಯತ್ಯಾಸ ಬಂದರೆ ಕೂಗುತ್ತವೆ. ಒಳ್ಳೆಯದೇ. ಕೈಯಲ್ಲಿ ಮಾಡುತ್ತಿದ್ದಾಗಲೇ ಚೆನ್ನಾಗಿತ್ತು ಎಂದು ನಾನು ಹೇಳುವುದಿಲ್ಲ. ಚೆನ್ನಾಗಿರಲಿಲ್ಲ. ಆದರೆ ದೂರದ ಶಾಖೆಯಿಂದ ಒಬ್ಬರು "ನಾನು ಬರೆದಿದ್ದು ಇಲ್ಲ" ಎಂದರೆ, ಪರದೆ ಏನೇ ಹೇಳಲಿ, ಎದ್ದು ಹೋಗಿ ನೋಡಿ. ನಾನು ಅವರಿಗೆ ಹೇಳುವುದು ಇಷ್ಟೇ.

ಆ ತಪ್ಪಾದ ಮುಂದಿನ ತಿಂಗಳು ಮೂರು ಯಂತ್ರಗಳನ್ನೂ ಮೊದಲಿನಿಂದ ಕೂರಿಸಿದೆವು. ಮೂರು ಭಾನುವಾರ, ಊರಿಗೊಂದು. ಒಂದೊಂದು ಹೆಜ್ಜೆಗೂ ಎರಡು ಟಿಕ್. ಒಂದು ನನ್ನದು, ಇನ್ನೊಂದು ಆಯಾ ಊರಿನವರದು. ಮಂಡ್ಯದಲ್ಲಿ ಗೌಡರು, ಮದ್ದೂರಿನಲ್ಲಿ ಸಿದ್ದರಾಜು, ಮಳವಳ್ಳಿಯಲ್ಲಿ ಶಿವಮ್ಮ. ಹನ್ನೊಂದನೇ ಹೆಜ್ಜೆಗೆ ಶಿವಮ್ಮ ತಮ್ಮ ಕೈಗಡಿಯಾರ ಬಿಚ್ಚಿ ಪರದೆಯ ಪಕ್ಕ ಹಿಡಿದು ಒಂದು ನಿಮಿಷ ಪೂರ್ತಿ ನೋಡಿದ ಮೇಲೇ ಟಿಕ್ ಹಾಕಿದ್ದು.

ಎರಡು ವಾರ ಎಲ್ಲವೂ ಸರಿಯಾಗಿ ನಡೆಯಿತು. ಒಂದು ಸೋಮವಾರ ಬೆಳಿಗ್ಗೆ ಹನ್ನೊಂದಕ್ಕೆ ಗೌಡರು ಸರ್ವರ್ ಕೋಣೆಗೆ ಬಂದರು.

"ಇದೊಂದು ನಿಂತ್ರೂ ಉಳಿದೆಲ್ಡು ನಡುಸ್ತವೆ ಅಂದಿದ್ದೆ, ಅಲ್ವಾ?"

"ಹೌದು ಸಾರ್."

"ನೋಡ್ದಾ?"

ನೋಡಿರಲಿಲ್ಲ. ಪುಸ್ತಕದಲ್ಲಿ ಹಾಗಿದೆ ಎಂದು ಗೊತ್ತಿತ್ತು, ಅಷ್ಟೇ. ಹೊರಗೆ ಸೋಮವಾರದ ಜನ ತುಂಬಿತ್ತು. ನಾವು ಕಾಗದದ ಚೀಟಿಗಳನ್ನು ಕೌಂಟರುಗಳಿಗೆ ಹಂಚಿ, ಡಾಕ್ಟರುಗಳಿಗೆ ಹೇಳಿ, ಐದು ನಿಮಿಷದ ಅನುಮತಿ ಪಡೆದೆವು. ಮದ್ದೂರಿಗೂ ಮಳವಳ್ಳಿಗೂ ಬೇಕೆಂದೇ ತಿಳಿಸಲಿಲ್ಲ. ಇಲ್ಲಿನದು ನಿಂತದ್ದು ಅವರಿಗೆ ತಾನಾಗಿ ಗೊತ್ತಾಗುತ್ತದೋ ಎಂಬುದೇ ಪರೀಕ್ಷೆ.

ಗೌಡರು ಬಗ್ಗಿ ನೋಡಿದರು. "ಯಾವ್ದು ಕೀಳ್ಬೇಕು?"

"ಆ ಕಪ್ಪು ತಂತಿ, ನೀಲಿ ತಂತಿ, ಎರಡೂ ಸಾರ್."

ಕಿತ್ತರು. ಫ್ಯಾನುಗಳ ಸದ್ದು ಇಳಿದು ನಿಂತಿತು. ಕೋಣೆಯಲ್ಲಿ ಅಷ್ಟು ನಿಶ್ಶಬ್ದವನ್ನು ನಾನು ಕೇಳಿರಲಿಲ್ಲ. ಮದ್ದೂರಿನಿಂದ ಫೋನಿಲ್ಲ. ಮಳವಳ್ಳಿಯಿಂದಲೂ ಇಲ್ಲ. ಎರಡು ನಿಮಿಷ ಹೋಯಿತು. ಅಷ್ಟು ಹೊತ್ತಿಗೆ ಶಿವಮ್ಮನವರ ಬೈಗುಳ ಬರಲೇಬೇಕಿತ್ತು. ಬರದೆ ಇದ್ದಾಗ ಅಲ್ಲಿ ಫೋನೇ ಕೆಟ್ಟಿದೆಯೇನೋ ಎಂದು ಭಯವಾಯಿತು. ತಾಳಲಾರದೆ ನಾನೇ ಮಾಡಿದೆ.

"ಸಿಸ್ಟರ್, ಅಲ್ಲಿ ಎಲ್ಲ ಹೇಗಿದೆ?"

"ಎಂಗಿರ್ತದೆ? ಸೋಮಾರ ಕಣಮ್ಮ, ಬಾಗ್ಲವರ್ಗೂ ಜನ."

"ದಾಖಲೆ ಕಾಣ್ತಾ ಇದೆಯಾ? ಬರೆದರೆ ಕೂರ್ತಾ ಇದೆಯಾ?"

"ಕಾಣ್ತದೆ, ಕೂರ್ತದೆ. ಇದನ್ ಕೇಳಕ್ಕೆ ಫೋನ್ ಮಾಡ್ದಾ? ನಂಗ್ ಕೆಲ್ಸ ಅದೆ. ಇಡು."

ಇಟ್ಟರು. ನಾನು ರಿಸೀವರ್ ಹಿಡಿದುಕೊಂಡೇ ನಿಂತಿದ್ದೆ. ಗೌಡರು ಎರಡು ಕೈಯಲ್ಲೂ ಒಂದೊಂದು ತಂತಿ ಹಿಡಿದು ನನ್ನ ಮುಖ ನೋಡುತ್ತಿದ್ದರು.

"ಏನಂದ್ರು?"

"ಇಡು ಅಂದ್ರು ಸಾರ್."

ಆ ಮನುಷ್ಯ ಹಲ್ಲು ಕಾಣುವ ಹಾಗೆ ನಕ್ಕದ್ದನ್ನು ನಾನು ಅವತ್ತು ಮೊದಲ ಸಲ ನೋಡಿದೆ.